ಕಸರತ್ತು ಮಾಡುವವನ ಸಸಾರಜನಕದ ಲೆಕ್ಕ

ನಮ್ಮ ಮಂಡಳದ ಪತ್ರಿಕೆಗೆ ಕವಿತೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಕಥೆ ಬರೆಯುವವರೂ ಇದ್ದಾರೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ನನಗೆ ಬರುವುದು ಜಮಾ-ಖರ್ಚು ಒಂದೇ. ಆದ್ದರಿಂದ ಸಂಪಾದಕರು "ನೀನೂ ಏನಾದರೂ ಕೊಡಪ್ಪಾ" ಎಂದಾಗ, ಪುಣೆಯ ನಮ್ಮ ಖಾನಾವಳಿಯಲ್ಲಿ ದಿನಾ ರಾತ್ರಿ ನಡೆಯುವ ಒಂದು ವಾದವನ್ನೇ ಲೆಕ್ಕದ ರೂಪದಲ್ಲಿ ಬರೆದುಕೊಡುತ್ತೇನೆ ಎಂದೆ. ವಾದ ಇಷ್ಟೇ: ಜಿಮ್ಮಿಗೆ ಹೋಗಿ ಭಾರ ಎತ್ತುವವನಿಗೆ ಪ್ರೊಟೀನ್ ಎಷ್ಟು ಬೇಕು? ಅಷ್ಟು ತಿಂದರೆ ಕಿಡ್ನಿಗೆ ಅಪಾಯ ಉಂಟೋ ಇಲ್ಲವೋ?

ಸಾಹಿತ್ಯದ ಪತ್ರಿಕೆಯಲ್ಲಿ ಇದೇಕೆ ಅಂತ ಮೂಗು ಮುರಿಯುವವರಿಗೆ ಒಂದು ಮಾತು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ನಮ್ಮ ಕಡೆಯ ಊರುಗಳಲ್ಲಿ ಗರಡಿಮನೆ, ಪುಣೆಯ ಹಳೆಯ ಪೇಟೆಗಳಲ್ಲಿ ತಾಲೀಮು ಇಲ್ಲದ ಓಣಿ ಕಡಿಮೆ. ಹೀಗಾಗಿ ಕನ್ನಡಕ್ಕೂ ಕಸರತ್ತಿಗೂ ನೆಂಟಸ್ತಿಕೆ ಹೊಸದಲ್ಲ.

ವಾದ ಬರೀ ಬಾಯಿಮಾತಿನದಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ನನ್ನ ಕೋಣೆಯ ಗೆಳೆಯನೊಬ್ಬ ಹಗಲು ಕಾಲೇಜು, ರಾತ್ರಿ ಗೋದಾಮಿನ ಕೆಲಸ ಅಂತ ದುಡಿಯುತ್ತಾನೆ. ಕೈಗೆ ಬರುವುದು ತಿಂಗಳಿಗೆ 11,000 ರೂಪಾಯಿ. ಅದರಲ್ಲಿ 4,000 ಊರಿಗೆ ಕಳಿಸುತ್ತಾನೆ. ಜಿಮ್ಮಿನ ತರಬೇತುದಾರ ಅವನಿಗೆ 2,700 ರೂಪಾಯಿಯ ಒಂದು ಕಿಲೋ ಪುಡಿಯ ಡಬ್ಬಿ ಹಚ್ಚಿದ್ದಾನೆ. ಆ ಹಣ ಹೊಂದಿಸಲು ಇವನು ಖಾನಾವಳಿಯ ರಾತ್ರಿ ಊಟ ಬಿಟ್ಟಿದ್ದಾನೆ. ಇನ್ನೊಂದು ಕಡೆ ನಮ್ಮ ಅವ್ವ ಫೋನ್ ಮಾಡಿದಾಗಲೆಲ್ಲ "ಆ ಪುಡಿ ಗಿಡಿ ತಿನ್ನಬ್ಯಾಡಪ್ಪಾ, ಕಿಡ್ನಿ ಹೋಗ್ತಾವ" ಅಂತಾಳೆ. ಅವಳ ಹೆದರಿಕೆಗೆ ಕಾರಣ ಉಂಟು. ನಮ್ಮ ಕಾಕಾನಿಗೆ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟಿದೆ. ಬೇಳೆ, ಮೊಸರು ಅಳೆದು ತಿನ್ನಿರಿ ಅಂತ ಡಾಕ್ಟರು ಹೇಳಿದ್ದನ್ನು ಅವ್ವ ಕಿವಿಯಾರೆ ಕೇಳಿದ್ದಾಳೆ. ಒಬ್ಬ ಪುಡಿಗಾಗಿ ಊಟ ಬಿಟ್ಟಿದ್ದಾನೆ, ಇನ್ನೊಬ್ಬಳು ಬೇಳೆಗೂ ಹೆದರುತ್ತಾಳೆ. ಇಬ್ಬರಿಗೂ ಲೆಕ್ಕ ಬೇಕಾಗಿದೆ.

1. ಹೆಸರಿನಲ್ಲೇ ಇದೆ ಅರ್ಧ ಉತ್ತರ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಅನುಕೂಲ ಇದೆ. ಇಂಗ್ಲಿಷಿನಲ್ಲಿ ಓದಿದವರು 'ಪ್ರೊಟೀನ್' ಎಂದು ಕಲಿತಾಗ ನಾವು 'ಸಸಾರಜನಕ' ಎಂದು ಕಲಿತೆವು. ಪ್ರೊಟೀನ್ ಎಂಬ ಹೆಸರು 1838ರಲ್ಲಿ ಬಳಕೆಗೆ ಬಂತು. ಗ್ರೀಕ್ ಭಾಷೆಯಲ್ಲಿ 'ಮೊದಲ ಸ್ಥಾನದ್ದು' ಎಂಬ ಅರ್ಥದ ಪದದಿಂದ ಬಂದದ್ದು. ಅದು ಹೊಗಳಿಕೆಯ ಹೆಸರು, ಒಳಗೆ ಏನಿದೆ ಎಂದು ಹೇಳುವುದಿಲ್ಲ. ನಮ್ಮ ಪದ ಹೇಳುತ್ತದೆ. ಸ-ಸಾರಜನಕ ಎಂದರೆ ಸಾರಜನಕದಿಂದ ಕೂಡಿದ್ದು. ಅನ್ನ, ಬೆಲ್ಲದಲ್ಲಿರುವ ಶರ್ಕರಪಿಷ್ಟದಲ್ಲಿ, ಎಣ್ಣೆ-ತುಪ್ಪದ ಮೇದಸ್ಸಿನಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಇವೆ. ಸಸಾರಜನಕದಲ್ಲಿ ಇವುಗಳ ಜೊತೆಗೆ ಸಾರಜನಕವೂ ಇದೆ, ತೂಕದಲ್ಲಿ ಸುಮಾರು 100ಕ್ಕೆ 16 ಪಾಲು.

ಈ 16 ಪಾಲನ್ನು ನೆನಪಿನಲ್ಲಿಡಿ. ಎಷ್ಟು ಬೇಕು, ಮೂತ್ರಪಿಂಡಕ್ಕೆ ಏನಾಗುತ್ತದೆ, ಡಬ್ಬಿಯಲ್ಲಿ ಮೋಸ ಹೇಗೆ ನಡೆಯುತ್ತದೆ, ಮೂರಕ್ಕೂ ಬೀಗದ ಕೈ ಇದೇ ಸಾರಜನಕ.

ಗಾಳಿಯಲ್ಲಿ 78 ಪಾಲು ಸಾರಜನಕವೇ ಇದ್ದರೂ ಉಸಿರಾಡಿ ಅದನ್ನು ಮೈಗೆ ಹಚ್ಚಿಕೊಳ್ಳಲು ನಮಗೆ ಬರುವುದಿಲ್ಲ. ಊಟದ ಸಸಾರಜನಕದಿಂದಲೇ ಅದು ಬರಬೇಕು. ಹೊಟ್ಟೆ, ಕರುಳುಗಳಲ್ಲಿ ಸಸಾರಜನಕ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಮನೆ ಕೆಡವಿ ಇಟ್ಟಿಗೆ ಬಿಡಿಸಿದ ಹಾಗೆ. ಆ ಇಟ್ಟಿಗೆಗಳಿಂದ ದೇಹ ತನ್ನ ಸ್ನಾಯು, ಚರ್ಮ, ರಕ್ತ, ಕೂದಲುಗಳನ್ನು ಕಟ್ಟಿಕೊಳ್ಳುತ್ತದೆ. ಇಪ್ಪತ್ತು ಬಗೆಯ ಇಟ್ಟಿಗೆಗಳಲ್ಲಿ ಒಂಬತ್ತನ್ನು ದೇಹ ತಾನೇ ಮಾಡಿಕೊಳ್ಳಲಾರದು. ಅವು ಊಟದಲ್ಲೇ ಸಿಗಬೇಕು.

2. ಜಮಾ ಎಷ್ಟು, ಖರ್ಚು ಎಷ್ಟು

ಊಟದಲ್ಲಿ ಒಳಗೆ ಹೋದ ಸಾರಜನಕ ಜಮಾ. ಮೂತ್ರ, ಮಲ, ಬೆವರಿನಲ್ಲಿ ಹೊರಗೆ ಹೋದದ್ದು ಖರ್ಚು. ಎರಡೂ ಸಮ ಇದ್ದರೆ ದೇಹ ಇದ್ದ ಹಾಗೆ ಇರುತ್ತದೆ. ಜಮಾ ಹೆಚ್ಚಿದ್ದರೆ ಮೈ ಬೆಳೆಯುತ್ತಿದೆ ಎಂದರ್ಥ: ಮಕ್ಕಳಲ್ಲಿ, ಬಸುರಿಯರಲ್ಲಿ, ಸ್ನಾಯು ಬೆಳೆಸುವವರಲ್ಲಿ ಹೀಗೆ. ಖರ್ಚು ಹೆಚ್ಚಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸುತ್ತಿದೆ. ಶಾಸ್ತ್ರಜ್ಞರು ಬಹಳ ಕಾಲ ಈ ಖಾತೆ ಬರೆದೇ ಮನುಷ್ಯನಿಗೆ ಎಷ್ಟು ಬೇಕೆಂದು ಕಂಡುಹಿಡಿದರು.

ಇಲ್ಲಿ ಒಂದು ಹಳೆಯ ಜಗಳ ಕೇಳುವಂಥದು. 1840ರ ದಶಕದಲ್ಲಿ ಜರ್ಮನಿಯ ದೊಡ್ಡ ರಸಾಯನಶಾಸ್ತ್ರಜ್ಞ ಲೀಬಿಗ್, ಸ್ನಾಯು ಕೆಲಸ ಮಾಡುವಾಗ ತನ್ನದೇ ಸಸಾರಜನಕವನ್ನು ಉರಿಸಿಕೊಳ್ಳುತ್ತದೆ ಎಂದು ವಾದಿಸಿದ. ಅಂದರೆ ದುಡಿಯುವವನಿಗೆ ಮಾಂಸವೇ ಸೌದೆ ಎಂದ ಹಾಗಾಯಿತು. 1865ರಲ್ಲಿ ಫಿಕ್ ಮತ್ತು ವಿಸ್ಲಿಸೆನಸ್ ಎಂಬಿಬ್ಬರು ಇದನ್ನು ಪರೀಕ್ಷೆ ಮಾಡಲು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಬೆಟ್ಟ ಹತ್ತಿದರು. ತಿಂದದ್ದು ಪಿಷ್ಟ, ಕೊಬ್ಬು, ಸಕ್ಕರೆ ಮಾತ್ರ. ಸಸಾರಜನಕದ ಆಹಾರ ಮುಟ್ಟಲಿಲ್ಲ. ತಮ್ಮ ಮೂತ್ರವನ್ನೆಲ್ಲ ಶೇಖರಿಸಿ ಅದರಲ್ಲಿನ ಸಾರಜನಕ ಅಳೆದರು. ಅಷ್ಟು ಸಾರಜನಕಕ್ಕೆ ತಕ್ಕ ಸಸಾರಜನಕ ಉರಿದರೆ ಬರುವ ಶಕ್ತಿ, ಬೆಟ್ಟ ಹತ್ತಲು ಬೇಕಾದ ಶಕ್ತಿಗೆ ಸಾಲುತ್ತಲೇ ಇರಲಿಲ್ಲ. ಎಂದ ಮೇಲೆ ಬೆಟ್ಟ ಹತ್ತಿಸಿದ್ದು ಪಿಷ್ಟ, ಕೊಬ್ಬುಗಳೇ. ಭಾರ ಎತ್ತುವ ಹೊತ್ತಿನಲ್ಲಿ ಸಸಾರಜನಕ ಸೌದೆಯಲ್ಲ. ಎತ್ತಿದ ಮೇಲೆ ಸ್ನಾಯುವನ್ನು ರಿಪೇರಿ ಮಾಡಿ ಇನ್ನಷ್ಟು ಕಟ್ಟಲು ಬೇಕಾದ ಸಾಮಾನು.

ಆದರೂ ಹೆಚ್ಚು ತಿಂದವನೇ ಬಲಶಾಲಿ ಎಂಬ ನಂಬಿಕೆ ಹೋಗಲಿಲ್ಲ. ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಬೇಕೆಂದು ಜರ್ಮನಿಯ ಫಾಯಿಟ್ ಹೇಳಿದ ಅಂಕಿ ಬಹಳ ಕಾಲ ನಡೆಯಿತು. 1904ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಿಟೆಂಡನ್ ಸೈನಿಕರ ಮೇಲೆ, ಕ್ರೀಡಾಪಟುಗಳ ಮೇಲೆ ಪ್ರಯೋಗ ಮಾಡಿ, ಸರಿಸುಮಾರು ಅದರ ಅರ್ಧದಲ್ಲೇ ಅವರು ಗಟ್ಟಿಯಾಗಿರುವುದನ್ನು ತೋರಿಸಿದ. 'ಹೆಚ್ಚು ಬೇಕು', 'ಕಡಿಮೆ ಸಾಕು' ಎಂಬ ನಮ್ಮ ಖಾನಾವಳಿಯ ವಾದ ಹೀಗೆ ನೂರು ವರ್ಷಕ್ಕೂ ಹಳೆಯದು.

3. ಹಾಗಾದರೆ ಇವತ್ತಿನ ಅಂಕಿ ಏನು?

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ಸಾಧಾರಣ ಪ್ರಾಯದವನಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಸಾಕು. ನನ್ನ ತೂಕ 60 ಕಿಲೋ. 60 × 0.83 ಎಂದರೆ ಸುಮಾರು 50 ಗ್ರಾಂ. ಇದು ಇದ್ದ ಮೈಯನ್ನು ಇದ್ದ ಹಾಗೆ ಇಟ್ಟುಕೊಳ್ಳುವ ಲೆಕ್ಕ, ಬೆಳೆಸುವ ಲೆಕ್ಕವಲ್ಲ.

ಭಾರ ಎತ್ತುವವರ ಬಗ್ಗೆ 2018ರಲ್ಲಿ ಒಂದು ದೊಡ್ಡ ಪರಿಶೀಲನೆ ಬಂತು. ಬೇರೆ ಬೇರೆ ಕಡೆ ನಡೆದ 49 ಪ್ರಯೋಗಗಳನ್ನು, ಒಟ್ಟು 1,863 ಜನರನ್ನು ಒಂದೇ ಕಡೆ ಹಾಕಿ ನೋಡಿದ ಲೆಕ್ಕ ಅದು. ಅದರ ಪ್ರಕಾರ ಕಿಲೋಗೆ 1.6 ಗ್ರಾಂವರೆಗೆ ತಿಂದಂತೆ ಸ್ನಾಯು ಬೆಳೆಯುವುದಕ್ಕೆ ಸಹಾಯ ಸಿಗುತ್ತದೆ. ಅದರಾಚೆ ತಿಂದರೆ ಸರಾಸರಿಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಸರಾಸರಿ ಎಂದ ಮೇಲೆ ಮನುಷ್ಯ ಮನುಷ್ಯನಿಗೆ ಹೆಚ್ಚು ಕಡಿಮೆ ಇರುವುದರಿಂದ 2.2 ಗ್ರಾಂವರೆಗೆ ಅಂಚು ಬಿಡಬಹುದು. ನನ್ನ ತೂಕಕ್ಕೆ 1.6ರಂತೆ 96 ಗ್ರಾಂ, 2.2ರಂತೆ 132 ಗ್ರಾಂ. 200 ಗ್ರಾಂ, 250 ಗ್ರಾಂ ಅಂತ ಮೊಬೈಲಿನ ವಿಡಿಯೋಗಳಲ್ಲಿ ಹೇಳುವುದು ನಮ್ಮ ಮೈತೂಕದವರ ಲೆಕ್ಕವಲ್ಲ. ತೂಕ ಇಳಿಸುತ್ತಾ ಸ್ನಾಯು ಉಳಿಸಿಕೊಳ್ಳಬೇಕೆನ್ನುವವರು ಮೇಲಿನ ಅಂಚಿನ ಹತ್ತಿರ ಇರುವುದು ಒಳ್ಳೆಯದು. ತೀರಾ ದಪ್ಪ ಇರುವವರು ಈಗಿನ ತೂಕಕ್ಕಲ್ಲ, ಮುಟ್ಟಬೇಕಾದ ತೂಕಕ್ಕೆ ಲೆಕ್ಕ ಹಾಕಬೇಕು.

ಅದೇ ಪರಿಶೀಲನೆಯಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ಡಬ್ಬಿ ಮಾರುವವರು ಹೇಳುವುದಿಲ್ಲ. ವಾರಗಟ್ಟಲೆ ಭಾರ ಎತ್ತಿದವರಲ್ಲಿ, ಹೆಚ್ಚಿಗೆ ಸಸಾರಜನಕ ತಿಂದವರಿಗೆ ತಿನ್ನದವರಿಗಿಂತ ಹೆಚ್ಚಾಗಿ ಬಂದ ಕೊಬ್ಬಿಲ್ಲದ ತೂಕ ಸರಾಸರಿ 0.3 ಕಿಲೋ, ಅಂದರೆ 300 ಗ್ರಾಂ. ಉಳಿದ ಬೆಳವಣಿಗೆಯೆಲ್ಲ ಬಂದದ್ದು ಎತ್ತಿದ್ದರಿಂದ. ಕಸರತ್ತು ಸಾರು, ಹೆಚ್ಚಿನ ಸಸಾರಜನಕ ಅದಕ್ಕೆ ಹಾಕುವ ಒಗ್ಗರಣೆ. ಒಗ್ಗರಣೆ ಬೇಡ ಅಂತ ನಾನು ಹೇಳುವುದಿಲ್ಲ. ಒಗ್ಗರಣೆಯನ್ನೇ ಕುಡಿದು ಬದುಕಲಾಗುವುದಿಲ್ಲ, ಅಷ್ಟೇ.

ಇಲ್ಲೇ ನನ್ನ ಗೆಳೆಯನ ಲೆಕ್ಕ ತಪ್ಪುವುದು. ರಾತ್ರಿ ಊಟ ಬಿಟ್ಟರೆ ದೇಹಕ್ಕೆ ಶಕ್ತಿ ಕಡಿಮೆ ಬೀಳುತ್ತದೆ. ಶಕ್ತಿ ಕಡಿಮೆ ಬಿದ್ದಾಗ ದೇಹ ಕಟ್ಟಲು ತಂದ ಸಸಾರಜನಕವನ್ನೇ ಒಲೆಗೆ ಹಾಕುತ್ತದೆ. ಗ್ರಾಂಗೆ 4 ಕ್ಯಾಲೊರಿ, ಸಕ್ಕರೆ ಕೊಡುವಷ್ಟೇ. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ಬಂಡವಾಳ ಒಡೆದು ದಿನದ ಖರ್ಚು ತೂಗಿಸಿದಂತೆ. ಪುಡಿಯಲ್ಲಿ ಸಿಗುವ 24 ಗ್ರಾಂ ಸಸಾರಜನಕಕ್ಕಾಗಿ ಅವನು ಬಿಟ್ಟ ಊಟದಲ್ಲಿ ಅನ್ನವೂ ಇತ್ತು, ಕಾಳಿನ ಪಲ್ಯವೂ ಇತ್ತು.

ಹೊತ್ತಿನ ಬಗ್ಗೆ ಎರಡು ಮಾತು. ಕಸರತ್ತು ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಎಲ್ಲ ವ್ಯರ್ಥ ಎನ್ನುವುದು ಅತಿಶಯೋಕ್ತಿ. ದಿನದ ಒಟ್ಟು ಮೊತ್ತವೇ ಮುಖ್ಯ. ಅದನ್ನು ಮೂರು-ನಾಲ್ಕು ಊಟಗಳಲ್ಲಿ, ಒಂದೊಂದರಲ್ಲಿ 20-25 ಗ್ರಾಂ ಬರುವಂತೆ ಹಂಚಿದರೆ ಒಳ್ಳೆಯದು. ಒಂದು ಹೊತ್ತಿಗೆ 20 ಗ್ರಾಂ ಮೀರಿದರೆ ಜೀರ್ಣವೇ ಆಗುವುದಿಲ್ಲ ಎನ್ನುವುದೂ ಸುಳ್ಳು. ಕರುಳು ಎಲ್ಲವನ್ನೂ ಒಳಗೆ ತೆಗೆದುಕೊಳ್ಳುತ್ತದೆ. ಸ್ನಾಯು ಕಟ್ಟುವ ಕೆಲಸದ ವೇಗಕ್ಕೆ ಮಾತ್ರ ಒಂದು ಮಿತಿ ಇದೆ.

4. ಖಾನಾವಳಿಯ ತಾಟಿನಲ್ಲಿ ಎಷ್ಟಿದೆ?

ನನ್ನ ಒಂದು ದಿನದ ಊಟವನ್ನು ಅಳೆದು ಬರೆದಿದ್ದೇನೆ. ಕಾಳು, ಹಿಟ್ಟಿನ ತೂಕ ಬೇಯಿಸುವ ಮುಂಚಿನದು.

ಮುಂಜಾನೆ: ಹಾಲು ಕಾಲು ಲೀಟರ್, 8 ಗ್ರಾಂ; ಅವಲಕ್ಕಿ 60 ಗ್ರಾಂ, 4 ಗ್ರಾಂ; ಅದರಲ್ಲಿನ ಶೇಂಗಾ 20 ಗ್ರಾಂ, 5 ಗ್ರಾಂ. ಒಟ್ಟು 17.
ಮಧ್ಯಾಹ್ನ: ಜೋಳದ ರೊಟ್ಟಿ ಮೂರು (ಹಿಟ್ಟು 150 ಗ್ರಾಂ), 15 ಗ್ರಾಂ; ತೊಗರಿಬೇಳೆ 40 ಗ್ರಾಂ, 9 ಗ್ರಾಂ; ಮೊಸರು 150 ಗ್ರಾಂ, 5 ಗ್ರಾಂ. ಒಟ್ಟು 29.
ಸಂಜೆ: ಬೇಯಿಸಿದ ಕಡಲೆ (ಕಾಳು 50 ಗ್ರಾಂ), 9 ಗ್ರಾಂ.
ರಾತ್ರಿ: ಅಕ್ಕಿ 100 ಗ್ರಾಂ, 7 ಗ್ರಾಂ; ಹೆಸರುಕಾಳು 50 ಗ್ರಾಂ, 11 ಗ್ರಾಂ. ಒಟ್ಟು 18.

ಇಡೀ ದಿನದ ಮೊತ್ತ 73 ಗ್ರಾಂ. ಮಾಂಸ ಇಲ್ಲ, ತತ್ತಿ ಇಲ್ಲ, ಡಬ್ಬಿ ಇಲ್ಲ. ಸಾಧಾರಣ ಬದುಕಿಗೆ ಬೇಕಾದ 50ನ್ನು ಇದು ದಾಟಿಯೇ ಹೋಯಿತು. ಕಸರತ್ತಿಗೆ ಬೇಕಾದ 96ಕ್ಕೆ 23 ಗ್ರಾಂ ಮಾತ್ರ ಕಡಿಮೆ. 30 ಗ್ರಾಂ ಸೋಯಾ ಚಂಕ್ಸ್ ಹಾಕಿದರೆ 15 ಗ್ರಾಂ ಬಂತು, ಎರಡು ತತ್ತಿಯಿಂದ 12 ಬಂತು, ಮೊತ್ತ 100. ತತ್ತಿ ತಿನ್ನದವರು ಅದರ ಬದಲು ಇನ್ನೊಂದು ಕಾಲು ಲೀಟರ್ ಹಾಲು ಕುಡಿದರೆ 96ಕ್ಕೆ ಸರಿಯಾಗಿ ಮುಟ್ಟುತ್ತದೆ.

ಕಾಳು-ಜೋಳದ ಸಸಾರಜನಕ ಕೀಳು ದರ್ಜೆಯದು ಎಂಬ ಮಾತು ಕೇಳಿರುತ್ತೀರಿ. ಅದರಲ್ಲಿ ಸತ್ಯಾಂಶ ಇದೆ. ಜೋಳ, ಅಕ್ಕಿ, ಗೋಧಿಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ; ಬೇಳೆಕಾಳುಗಳಲ್ಲಿ ಮೆಥಿಯೊನಿನ್ ಕಡಿಮೆ. ಆದರೆ ಒಂದರ ಕೊರತೆ ಇನ್ನೊಂದರಲ್ಲಿ ತುಂಬುತ್ತದೆ. ರೊಟ್ಟಿ ಜೊತೆ ಕಾಳುಪಲ್ಯ, ಅನ್ನದ ಜೊತೆ ಬೇಳೆಸಾರು ಅಂತ ನಮ್ಮ ಅಜ್ಜಿಯರು ಮಾಡಿಟ್ಟ ಜೋಡಿಗೆ ಈ ಗುಣ ಇದೆ. ಎರಡನ್ನೂ ಒಂದೇ ತಾಟಿನಲ್ಲಿ ತಿನ್ನಬೇಕೆಂದೂ ಇಲ್ಲ, ಒಂದೇ ದಿನದಲ್ಲಿ ತಿಂದರಾಯಿತು. ಸಸ್ಯಾಹಾರ ಸ್ವಲ್ಪ ಕಡಿಮೆ ಜೀರ್ಣವಾಗುವುದರಿಂದ, ಹಾಲನ್ನೂ ಮುಟ್ಟದವರು ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚಿಗೆ ತಿನ್ನಲಿ.

ಈಗ ದುಡ್ಡಿನ ಲೆಕ್ಕ. ನಮ್ಮ ಓಣಿಯಲ್ಲಿ ನಾನು ಕೊಟ್ಟ ಬೆಲೆ ಹಿಡಿದು, 10 ಗ್ರಾಂ ಸಸಾರಜನಕಕ್ಕೆ ಬೀಳುವ ಖರ್ಚು ಹೀಗಿದೆ. ನಿಮ್ಮ ಊರಿನ ಬೆಲೆ ಹಾಕಿ ನೀವೂ ತಾಳೆ ನೋಡಬಹುದು.

ಸೋಯಾ ಚಂಕ್ಸ್ (ಕಿಲೋಗೆ 150 ರೂ.): ಸುಮಾರು 3 ರೂ.
ಕಡಲೆಕಾಳು (ಕಿಲೋಗೆ 90 ರೂ.): ಸುಮಾರು 5 ರೂ.
ಶೇಂಗಾ (ಕಿಲೋಗೆ 140 ರೂ.): ಸುಮಾರು 5.50 ರೂ.
ತೊಗರಿಬೇಳೆ (ಕಿಲೋಗೆ 140 ರೂ.): ಸುಮಾರು 6.50 ರೂ.
ತತ್ತಿ (ಒಂದಕ್ಕೆ 7 ರೂ.): ಸುಮಾರು 12 ರೂ.
ಹಾಲು (ಲೀಟರಿಗೆ 60 ರೂ.): ಸುಮಾರು 18 ರೂ.
ಡಬ್ಬಿಯ ಪುಡಿ (ಕಿಲೋಗೆ 2,700 ರೂ.): ಸುಮಾರು 36 ರೂ.

ನನ್ನ ತಾಟಿಗೆ ಸೇರಿಸಿದ ಸೋಯಾ ಮತ್ತು ಎರಡು ತತ್ತಿಗೆ ದಿನಕ್ಕೆ 18.50 ರೂಪಾಯಿ, ತಿಂಗಳಿಗೆ 555. ಗೆಳೆಯನ ಡಬ್ಬಿಗೆ ತಿಂಗಳಿಗೆ 2,700. ವ್ಯತ್ಯಾಸ 2,145 ರೂಪಾಯಿ. ಅವನು ಊರಿಗೆ ಕಳಿಸುವ ಹಣದ ಅರ್ಧಕ್ಕಿಂತ ಹೆಚ್ಚು! ಈ ಕಾಗದ ತೋರಿಸಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, "ಖಾನಾವಳಿಯವ ಮತ್ತ ಹಚ್ಚಿಕೊಳ್ತಾನೇನು ಕೇಳು" ಅಂದ. ಕೇಳಿದೆ, ಹಚ್ಚಿಕೊಂಡಿದ್ದಾರೆ.

ಪುಡಿ ವಿಷ ಅಂತ ನನ್ನ ಅಭಿಪ್ರಾಯವಲ್ಲ. ವೇ ಪುಡಿ ಎಂದರೆ ಹಾಲು ಒಡೆಸಿ ಗಿಣ್ಣು ಮಾಡುವಾಗ ಬಸಿದ ತಿಳಿನೀರಿನಿಂದ ತೆಗೆದದ್ದು. ಮೂಲತಃ ಹಾಲಿನ ಪದಾರ್ಥವೇ. ಬೇಗ ಜೀರ್ಣವಾಗುತ್ತದೆ, ಒಯ್ಯಲು ಸುಲಭ, ಅಮೈನೋ ಆಮ್ಲಗಳೂ ಉತ್ತಮ. ಕೈಯಲ್ಲಿ ಹಣ ಇದ್ದು ಅಡಿಗೆಗೆ ಹೊತ್ತಿಲ್ಲದವರಿಗೆ ಅನುಕೂಲ. ಅನುಕೂಲಕ್ಕೆ ಬೆಲೆ ಕೊಡುತ್ತೇವೆ, ಶಕ್ತಿಗಲ್ಲ ಎಂಬುದು ತಿಳಿದಿದ್ದರೆ ಸಾಕು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಇದರಿಂದಲೂ ಉಬ್ಬರಿಸಬಹುದು.

5. ಮೂತ್ರಪಿಂಡದ ಪ್ರಶ್ನೆ

ಇನ್ನು ಅವ್ವನ ಪ್ರಶ್ನೆಗೆ ಬರೋಣ. ದೇಹ ಸಕ್ಕರೆಯನ್ನು ಕೊಬ್ಬಾಗಿ ಕೂಡಿಡುತ್ತದೆ, ಆದರೆ ಹೆಚ್ಚಾದ ಅಮೈನೋ ಆಮ್ಲಗಳನ್ನು ಹಾಗೇ ಕೂಡಿಡಲು ಉಗ್ರಾಣ ಇಲ್ಲ. ಅವುಗಳಿಂದ ಸಾರಜನಕವನ್ನು ಬಿಡಿಸಿ ಹೊರಗೆ ಹಾಕಬೇಕು. ಬಿಡಿಸಿದಾಗ ಅದು ಅಮೋನಿಯ ಆಗುತ್ತದೆ, ಅದು ವಿಷ. ಯಕೃತ್ತು ಅದನ್ನು ಯೂರಿಯವಾಗಿ ಬದಲಿಸುತ್ತದೆ, ಮೂತ್ರಪಿಂಡ ಆ ಯೂರಿಯವನ್ನು ಸೋಸಿ ಹೊರಗೆ ಕಳಿಸುತ್ತದೆ. ಹೆಚ್ಚು ಸಸಾರಜನಕ ತಿಂದರೆ ಮೂತ್ರಪಿಂಡ ಹೆಚ್ಚು ಸೋಸುತ್ತದೆ ಎಂಬುದು ನಿಜ.

ಈ ಹೆಚ್ಚಿನ ಸೋಸುವಿಕೆಯಿಂದಲೇ ಮೂತ್ರಪಿಂಡ ಸವೆಯಬಹುದೇ ಎಂಬ ಶಂಕೆ 1982ರಲ್ಲಿ ಬ್ರೆನ್ನರ್ ಮತ್ತು ಅವರ ಜೊತೆಗಾರರ ಲೇಖನದಿಂದ ಬಲವಾಯಿತು. ಅದಕ್ಕೆ ಮುಖ್ಯ ಆಧಾರ ಪ್ರಾಣಿಗಳ ಮೇಲಿನ ಪ್ರಯೋಗಗಳು ಮತ್ತು ಆಗಲೇ ಕೆಟ್ಟ ಮೂತ್ರಪಿಂಡಗಳ ಅನುಭವ. ಆರೋಗ್ಯವಂತರ ಮೇಲೆ ನಡೆದ ಪ್ರಯೋಗಗಳನ್ನು ಕೂಡಿಸಿ 2018ರಲ್ಲಿ ನೋಡಿದಾಗ, ಹೆಚ್ಚು ಸಸಾರಜನಕ ತಿಂದವರಲ್ಲಿ ಮೂತ್ರಪಿಂಡದ ಕೆಲಸ ಕೆಟ್ಟದ್ದು ಕಾಣಲಿಲ್ಲ. ಹೊರೆ ಹೆಚ್ಚಾದಾಗ ಹೆಚ್ಚು ಸೋಸುವುದು ಆರೋಗ್ಯದ ಮೂತ್ರಪಿಂಡದ ಸಹಜ ಗುಣ. ಓಡುವಾಗ ಎದೆ ಬಡಿತ ಹೆಚ್ಚುವ ಹಾಗೆ. ಓಡಿದರೆ ಹೃದಯ ಕೆಡುತ್ತದೆಂದು ನಾವು ಹೇಳುವುದಿಲ್ಲ.

ಆದರೆ ಹೃದ್ರೋಗಿಗೆ ಓಡು ಎಂದು ಸಹ ಹೇಳುವುದಿಲ್ಲ. ಮೂತ್ರಪಿಂಡ ಆಗಲೇ ಕೆಟ್ಟವರ ಲೆಕ್ಕವೇ ಬೇರೆ. ಡಯಾಲಿಸಿಸ್ ಹಂತ ಮುಟ್ಟದ ರೋಗಿಗಳಿಗೆ ವೈದ್ಯರು ಕಿಲೋಗೆ ಸುಮಾರು 0.6 ಗ್ರಾಂ, ಸಕ್ಕರೆ ಕಾಯಿಲೆಯೂ ಇದ್ದರೆ 0.6ರಿಂದ 0.8 ಗ್ರಾಂ ಎಂದು ಕಡಿಮೆ ಮಾಡಿಸುತ್ತಾರೆ. ನಮ್ಮ ಕಾಕಾನಿಗೆ ಹೇಳಿದ್ದು ಇದೇ. ಹೋದ ವರ್ಷ ಅವನಿಗೆ ಡಯಾಲಿಸಿಸ್ ಶುರುವಾದಾಗ ಅದೇ ಡಾಕ್ಟರು "ಇನ್ನು ಮೇಲೆ ದಿನಾ ತತ್ತಿಯ ಬಿಳಿ ತಿನ್ನಿರಿ, ಬೇಳೆ ಬಿಡಬ್ಯಾಡ್ರಿ" ಎಂದರು. ಮನೆಯಲ್ಲಿ ಎಲ್ಲರಿಗೂ ಗಲಿಬಿಲಿ. "ನಿನ್ನೆ ಬ್ಯಾಡ ಅಂದವರು ಇವತ್ತ ತಿನ್ನು ಅಂತಾರಲ್ಲೋ" ಅಂತ ಕಾಕು ಮೂರು ದಿನ ತತ್ತಿಯನ್ನೇ ಕೊಡಲಿಲ್ಲ. ಕಾರಣ ಇಷ್ಟು: ಡಯಾಲಿಸಿಸ್ ಮಾಡುವಾಗ ರಕ್ತದ ಕಸದ ಜೊತೆ ಅಮೈನೋ ಆಮ್ಲಗಳೂ ಹೊರಗೆ ಹೋಗುತ್ತವೆ. ಅದನ್ನು ತುಂಬಿಸಲು ಕಿಲೋಗೆ 1.0ರಿಂದ 1.2 ಗ್ರಾಂ ಬೇಕಾಗುತ್ತದೆ. ಒಬ್ಬನೇ ಮನುಷ್ಯನಿಗೆ ರೋಗದ ಹಂತ ಬದಲಾದಾಗ ಅಂಕಿ ಬದಲಾಯಿತು. ಹಾಗಿರುವಾಗ ಕಾಕಾನ ಪಥ್ಯವನ್ನು ಇಪ್ಪತ್ತು ವರ್ಷದ ಹುಡುಗನಿಗೂ, ಹುಡುಗನ ಊಟವನ್ನು ಕಾಕಾನಿಗೂ ಹಚ್ಚಲು ಬರುವುದಿಲ್ಲ. ಕಾಕಾನ ಮೂತ್ರಪಿಂಡ ಕೆಡಿಸಿದ್ದು ಬೇಳೆಯಲ್ಲ, ಬಹಳ ವರ್ಷ ಹತೋಟಿಗೆ ಬಾರದ ಸಕ್ಕರೆ.

ನಿಜವಾದ ಗಂಡಾಂತರ ಇರುವುದು ತಿಳಿಯದೇ ಇರುವುದರಲ್ಲಿ. ಮೂತ್ರಪಿಂಡದ ರೋಗ ಮೊದಮೊದಲು ನೋವು ಕೊಡುವುದಿಲ್ಲ, ಸುಳಿವು ಕೊಡುವುದಿಲ್ಲ. ಆದ್ದರಿಂದ ಮನೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಕಿಡ್ನಿಯ ರೋಗ ಇದ್ದವರು ಊಟ ಹೆಚ್ಚಿಸುವ ಮುಂಚೆ ನಾಲ್ಕು ತಪಾಸಣೆ ಮಾಡಿಸಲಿ: ರಕ್ತದೊತ್ತಡ, ರಕ್ತದ ಸಕ್ಕರೆ, ರಕ್ತದ ಕ್ರಿಯಾಟಿನಿನ್, ಮೂತ್ರದಲ್ಲಿನ ಆಲ್ಬುಮಿನ್. ಕಾಕಾನ ಕಾರಣದಿಂದ ನಾನೂ ಮಾಡಿಸಿದೆ, ಎಲ್ಲ ಸರಿಯಾಗಿವೆ. ಆ ಕಾಗದವನ್ನು ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದ ಮೇಲೆ ಅವಳ ಮಾತು ಸ್ವಲ್ಪ ಮೆತ್ತಗಾಗಿದೆ.

ವರದಿ ಓದುವಾಗ ಒಂದು ಎಚ್ಚರಿಕೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸ್ನಾಯು ಹೆಚ್ಚಿರುವವನಿಗೆ, ಕ್ರಿಯಾಟಿನ್ ಪುಡಿ ತಿನ್ನುವವನಿಗೆ, ಹಿಂದಿನ ರಾತ್ರಿ ಬಹಳ ಮಾಂಸ ಉಂಡವನಿಗೆ ಆ ಅಂಕಿ ತುಸು ಮೇಲೆ ಬರಬಹುದು. ಅಷ್ಟಕ್ಕೇ ಮೂತ್ರಪಿಂಡ ಕೆಟ್ಟಿತೆಂದು ಅರ್ಥವಲ್ಲ. ಸಂಶಯವಿದ್ದರೆ ಸಿಸ್ಟಾಟಿನ್-ಸಿ ಎಂಬ ಇನ್ನೊಂದು ತಪಾಸಣೆ ಇದೆ. ತಪಾಸಣೆಗೆ ಹೋದಾಗ 'ನಾನು ಭಾರ ಎತ್ತುತ್ತೇನೆ, ಇಂಥಿಂಥದ್ದು ತಿನ್ನುತ್ತೇನೆ' ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು.

6. ಡಬ್ಬಿಯ ಒಳಗಿನ ಮೋಸ

ಊಟದಲ್ಲಿ ಸಸಾರಜನಕ ಎಷ್ಟಿದೆ ಎಂದು ಅಳೆಯುವ ವಿಧಾನವನ್ನು 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಕಂಡುಹಿಡಿದ. ಅವನು ಅಳೆದದ್ದು ಸಸಾರಜನಕವನ್ನಲ್ಲ, ಸಾರಜನಕವನ್ನು. 100ಕ್ಕೆ 16 ಪಾಲು ಎಂಬ ಲೆಕ್ಕದಿಂದ ಅದನ್ನು 6.25ರಿಂದ ಗುಣಿಸಿದರೆ ಸಸಾರಜನಕ ಸಿಗುತ್ತದೆ. ಲೆಕ್ಕ ಸರಳ, ಆದರೆ ತೂತು ಅಲ್ಲೇ ಇದೆ. ಸಾರಜನಕ ಇರುವ ಬೇರೆ ಯಾವುದನ್ನು ಬೆರೆಸಿದರೂ ತಪಾಸಣೆಯಲ್ಲಿ ಅದು ಸಸಾರಜನಕ ಎಂದೇ ಕಾಣುತ್ತದೆ.

2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿನಲ್ಲಿ ಸಸಾರಜನಕ ಹೆಚ್ಚು ತೋರಿಸಲು ಮೆಲಮೈನ್ ಎಂಬ ರಾಸಾಯನಿಕ ಹಾಕಿದರು. ಅದರ ಮೂರರಲ್ಲಿ ಎರಡು ಪಾಲು ಸಾರಜನಕವೇ. ಆ ಹಾಲಿನ ಪುಡಿ ಕುಡಿದ ಸುಮಾರು 3,00,000 ಕೂಸುಗಳು ಕಾಯಿಲೆ ಬಿದ್ದವು, ಕನಿಷ್ಠ ಆರು ಸತ್ತವು. ಮೂತ್ರಪಿಂಡಗಳಲ್ಲಿ ಕಲ್ಲು ಕಟ್ಟಿತ್ತು. ಅಲ್ಲಿ ಮೂತ್ರಪಿಂಡ ಕೆಡಿಸಿದ್ದು ಸಸಾರಜನಕವಲ್ಲ, ಅದರ ವೇಷ ಹಾಕಿದ ವಸ್ತು.

ನಮ್ಮ ಡಬ್ಬಿಗಳಲ್ಲಿ ನಡೆಯುವ ಸಣ್ಣ ಮೋಸವೂ ಇದೇ ಜಾತಿಯದು: ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಪುಡಿ ಬೆರೆಸಿ ಸಾರಜನಕದ ಅಂಕಿ ಏರಿಸುವುದು. 2024ರಲ್ಲಿ ನಮ್ಮ ದೇಶದಲ್ಲಿ ಮಾರುವ 36 ಬಗೆಯ ಸಸಾರಜನಕದ ಪುಡಿಗಳನ್ನು ತಪಾಸಣೆ ಮಾಡಿದ ವರದಿ ಪ್ರಕಟವಾಯಿತು. ಸುಮಾರು 100ಕ್ಕೆ 70ರಲ್ಲಿ ಚೀಟಿಯ ಮೇಲಿನ ಸಸಾರಜನಕದ ಅಂಕಿ ಸರಿ ಇರಲಿಲ್ಲ. ಕೆಲವದರಲ್ಲಿ ಬರೆದದ್ದರ ಅರ್ಧ ಮಾತ್ರ ಇತ್ತು. ಕೆಲವದರಲ್ಲಿ ಬೂಷ್ಟಿನ ವಿಷವೂ ಸಿಕ್ಕಿತು. ಬೇಳೆಯಲ್ಲಿ ಕಲ್ಲು ಇದ್ದರೆ ಕಣ್ಣಿಗೆ ಕಾಣುತ್ತದೆ, ಪುಡಿಯಲ್ಲಿ ಏನಿದ್ದರೂ ಕಾಣುವುದಿಲ್ಲ.

ಕೊಳ್ಳುವವರು ಇಷ್ಟನ್ನಾದರೂ ನೋಡಲಿ. ಡಬ್ಬಿಯ ಮೇಲೆ ಎಫ್.ಎಸ್.ಎಸ್.ಎ.ಐ.ನ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು, ತಯಾರಕರ ವಿಳಾಸ ಇರಬೇಕು, ರಸೀದಿ ಸಿಗಬೇಕು. ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಮುಂದಿನ ಸಾಲಿನಲ್ಲಿದ್ದರೆ ಸಂಶಯಪಡಬೇಕು. ಬಿಡಿ ಪೊಟ್ಟಣ, ಚೀಟಿ ಇಲ್ಲದ ಡಬ್ಬಿ, 'ಒಂದು ತಿಂಗಳಲ್ಲಿ ಮೈ ಕಟ್ಟುತ್ತದೆ' ಎನ್ನುವ ಮಾತು, ಮೂರೂ ಬೇಡ. ಒಂದು ತಿಂಗಳಲ್ಲಿ ಮೈ ಕಟ್ಟುವ ಪುಡಿಯಲ್ಲಿ ಸಸಾರಜನಕದ ಬದಲು ಸ್ಟಿರಾಯ್ಡ್ ಇರುವ ಸಂಭವ ಹೆಚ್ಚು. ಸ್ಟಿರಾಯ್ಡಿಗೂ ಸಸಾರಜನಕಕ್ಕೂ ಸಂಬಂಧವೇ ಇಲ್ಲ. ಮೊದಲನೆಯದರ ಪಾಪವನ್ನು ಜನ ಎರಡನೆಯದರ ತಲೆಗೆ ಕಟ್ಟುತ್ತಾರೆ.

ಕೊನೆಗೆ, ಓದುಗ ಮಿತ್ರರು ತಾವೇ ಲೆಕ್ಕ ಹಾಕಿಕೊಳ್ಳುವ ಕ್ರಮ ಹೇಳಿ ಮುಗಿಸುತ್ತೇನೆ. ನಿಮ್ಮ ತೂಕವನ್ನು 1.6ರಿಂದ ಗುಣಿಸಿರಿ. ಮೂರು ದಿನ ನೀವು ತಿಂದದ್ದನ್ನೆಲ್ಲ ಬರೆದು ಮೊತ್ತ ಹಾಕಿರಿ. ಕಡಿಮೆ ಬಿದ್ದದ್ದನ್ನು ಮೊದಲು ಕಾಳು, ಸೋಯಾ, ಹಾಲು, ತತ್ತಿಯಿಂದ ತುಂಬಿರಿ. ತಿನ್ನುವವರಿಗೆ ಮೀನು, ಕೋಳಿ ಇದ್ದೇ ಇವೆ. ಆಗಲೂ ಸಾಲದಿದ್ದರೆ, ಹಣವೂ ಇದ್ದರೆ, ರಸೀದಿ ಇರುವ ಡಬ್ಬಿ. ಮನೆಯಲ್ಲಿ ಸಕ್ಕರೆ ಅಥವಾ ಕಿಡ್ನಿಯ ಕಾಯಿಲೆ ಇದ್ದರೆ ಇದೆಲ್ಲಕ್ಕಿಂತ ಮೊದಲು ತಪಾಸಣೆ. ಲೆಕ್ಕದಲ್ಲಿ ಯಾರಿಗಾದರೂ ಅಡಚಣೆ ಬಂದರೆ ಪ್ರತಿ ಶನಿವಾರ ಮಂಡಳದ ಸಭೆ ಮುಗಿದ ಮೇಲೆ ನಾನು ಅಲ್ಲೇ ಇರುತ್ತೇನೆ. ನಿಮ್ಮ ಊಟದ ಚೀಟಿ ತಂದರೆ ಕೂತು ಮೊತ್ತ ಹಾಕೋಣ.